ಕುದುರೆ ಜೊತೆ ರಜೆಗೆ ಹೊರಟರೆ ರಾತ್ರಿ ಎಲ್ಲಿ ಉಳಿಯುವುದು?

ಪ್ರಶ್ನೆ: ನಾವು ಕಲಬುರಗಿಯವರು. ಮನೆಯಲ್ಲಿ ಎರಡು ಕುದುರೆ ಇವೆ. ಒಂದು ಮಾರ್ವಾಡಿ ಹೆಣ್ಣು, ಇನ್ನೊಂದು ಬೀಜ ಒಡೆಸಿದ ಕಾಠಿಯಾವಾಡಿ ಗಂಡು. ಡಿಸೆಂಬರ್ ರಜೆಯಲ್ಲಿ ನಾನು, ನನ್ನ ಹೆಂಡತಿ, 13 ವರ್ಷದ ಮಗಳು ಐದು ದಿನ ಬೀದರ್ ಕಡೆ ಹೋಗಬೇಕು ಅಂದುಕೊಂಡಿದ್ದೇವೆ. ಕುದುರೆ ಮೇಲೆಯೇ ಹೋಗುವ ಆಸೆ. ಲಾಡ್ಜ್‌ಗಳಿಗೆ ಫೋನ್ ಮಾಡಿ ಕುದುರೆ ಅಂದರೆ ನಗುತ್ತಾರೆ. ಹುಮನಾಬಾದ್ ಹತ್ತಿರದ ಒಬ್ಬ ರೈತರು ಮಾತ್ರ "ಬರ್ರಿ, ಎತ್ತು ಕಟ್ಟೋ ಜಾಗ ಅದ, ಅಲ್ಲೇ ಕಟ್ಟಿದರಾಯ್ತು" ಅಂದಿದ್ದಾರೆ. ಅದು ಸಾಕೇ? ಅವರ ಹತ್ತಿರ ಏನೇನು ಕೇಳಿಕೊಳ್ಳಬೇಕು? ಎಷ್ಟು ದುಡ್ಡು ಕೊಡುವುದು ಸರಿ?

ಉತ್ತರ:

ಮೊದಲು ಆ ರೈತರ ನಂಬರ್ ಜೋಪಾನವಾಗಿ ಇಟ್ಟುಕೊಳ್ಳಿ. ಲಾಡ್ಜಿನವರೆಲ್ಲ ಬೇಡ ಅಂದಾಗ ಒಬ್ಬರು "ಬರ್ರಿ" ಅಂದಿದ್ದು ಸಣ್ಣ ಮಾತಲ್ಲ. ಎತ್ತು ಕಟ್ಟುವ ಜಾಗ ಇದ್ದ ಹಾಗೇ ಕುದುರೆಗೆ ಒಗ್ಗುವುದಿಲ್ಲ. ಆದರೆ ಅರ್ಧ ದಿನ ಕೈಯಾಡಿಸಿದರೆ ಒಗ್ಗುವ ಹಾಗೆ ಮಾಡಿಕೊಳ್ಳಬಹುದು. ಏನು ಮಾಡಬೇಕು ಅಂತ ಮುಂದೆ ಹೇಳುತ್ತೇನೆ.

ಬೀದರ್ ಸೀಮೆಯಲ್ಲಿ ಪಶುವೈದ್ಯನಾಗಿ ಮದುವೆ ಕುದುರೆ, ಟಾಂಗಾ ಕುದುರೆ, ಈಗೀಗ ಶೋಕಿಗೆ ಸಾಕಿದ ಮಾರ್ವಾಡಿಗಳು, ಎಲ್ಲವನ್ನೂ ನೋಡಿದ್ದೇನೆ. ಊರು ಬಿಟ್ಟು ಹೋದ ಕುದುರೆ ಸವಾರಿಯಲ್ಲಿ ಕೆಡುವುದು ಕಡಿಮೆ. ಕೆಡುವುದು ರಾತ್ರಿ ಕಟ್ಟಿದ ಜಾಗದಲ್ಲಿ. ಗೊತ್ತಿಲ್ಲದ ನೆಲ, ಗೊತ್ತಿಲ್ಲದ ಮೇವು, ಗೊತ್ತಿಲ್ಲದ ನೀರು. ಹಾಗಾಗಿ ನೀವು ಹುಡುಕಬೇಕಾದ್ದು ನಿಮಗೆ ರೂಮಲ್ಲ. ಕುದುರೆಗೆ ಒಳ್ಳೆಯ ಜಾಗ ಸಿಕ್ಕ ಮನೆಯಲ್ಲಿ ನಿಮಗೊಂದು ಚಾಪೆ, ಒಂದು ಬಾತ್‌ರೂಮು ಸಿಕ್ಕರೆ ಮುಗಿಯಿತು.

ಇನ್ನೊಂದು ಮಾತು, ನಿಮಗೆ ಬೇಜಾರಾಗಬಹುದು. ಕಲಬುರಗಿಯಿಂದ ಬೀದರ್‌ವರೆಗೆ ಕುದುರೆ ಮೇಲೆ ಹೋಗುವುದು ಬಿಡಿ. ರಸ್ತೆ ಲೆಕ್ಕದಲ್ಲಿ ಸುಮಾರು 110 ರಿಂದ 120 ಕಿ.ಮೀ. ಆಗುತ್ತದೆ. ಕುದುರೆಯ ನಡಿಗೆ ಗಂಟೆಗೆ 6 ಕಿ.ಮೀ. ಆಸುಪಾಸು. ಮನೆಯಲ್ಲಿ ವಾರಕ್ಕೆರಡು ಸಲ ಸವಾರಿ ಮಾಡಿಸಿಕೊಂಡ ಕುದುರೆಗೆ ದಿನಕ್ಕೆ 25 ಕಿ.ಮೀ. ದಾಟಿಸಬಾರದು. ಅಂದರೆ ನಿಮ್ಮ ಐದು ದಿನ ಹೋಗುವುದಕ್ಕೇ ಸರಿಹೋಯಿತು. ಬರುವುದು ಹೇಗೆ? ಮೇಲಾಗಿ ಆ ದಾರಿ ರಾಷ್ಟ್ರೀಯ ಹೆದ್ದಾರಿ 50. ಹುಮನಾಬಾದ್‌ನಲ್ಲಿ ಅದಕ್ಕೆ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ 65 ಬಂದು ಸೇರುತ್ತದೆ. ಡಿಸೆಂಬರ್‌ನಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಾಡು ಹಾಕಿಕೊಂಡು ಬರುತ್ತಿರುತ್ತವೆ. ಅಲ್ಲಿ 13 ವರ್ಷದ ಹುಡುಗಿಯನ್ನು ಕುದುರೆ ಮೇಲೆ ಕೂರಿಸಲು ನಾನಂತೂ ಒಪ್ಪುವುದಿಲ್ಲ.

ದಿನಕ್ಕೊಂದು ಮನೆ ಅಂತ ಹೋದರೆ ಇನ್ನೊಂದು ತೊಂದರೆ. ಪ್ರತಿ ಸಂಜೆ ಹೊಸ ಕೊಟ್ಟಿಗೆ, ಹೊಸ ನೀರು, ಹೊಸ ನಾಯಿಗಳು. ಕುದುರೆ ಹೊಸ ಜಾಗದಲ್ಲಿ ಮೊದಲ ರಾತ್ರಿ ಸರಿಯಾಗಿ ಮಲಗುವುದಿಲ್ಲ. ನಿಂತೇ ತೂಕಡಿಸುತ್ತದೆ ನಿಜ, ಆದರೆ ಗಾಢ ನಿದ್ದೆಗೆ ಅದು ನೆಲಕ್ಕೆ ಮಲಗಲೇಬೇಕು. ದಿನಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಸಾಕು, ಆದರೆ ಅದು ಬೇಕು. ದಿನಾ ಜಾಗ ಬದಲಿಸುತ್ತಾ ಹೋದರೆ ಒಂದು ದಿನ ನಿಂತು ತೂಕಡಿಸುವಾಗಲೇ ಮೊಣಕಾಲು ಕುಸಿಯಬಹುದು. ಆಮೇಲೆ "ಏನೋ ಕಾಯಿಲೆ ಡಾಕ್ಟ್ರೇ" ಅಂತ ಫೋನ್ ಬರುತ್ತದೆ. ಕಾಯಿಲೆಯಲ್ಲ, ನಿದ್ದೆಗೇಡು.

ನನ್ನ ಸಲಹೆ ಇಷ್ಟು. ಕುದುರೆಗಳನ್ನು ಲಾರಿಯಲ್ಲಿ ಕರೆತನ್ನಿ. ಒಂದೇ ಮನೆಯಲ್ಲಿ ಐದೂ ದಿನ ಉಳಿಯಿರಿ. ಬೆಳಿಗ್ಗೆ ಅಲ್ಲಿಂದ ಹೊರಟು ಸುತ್ತಾಡಿ ಬನ್ನಿ. ಇವತ್ತು ಈ ದಿಕ್ಕು, ನಾಳೆ ಆ ದಿಕ್ಕು. ಸಂಜೆ ಕುದುರೆ ತನ್ನದೇ ಗೂಟಕ್ಕೆ ಮರಳುತ್ತದೆ. ಎರಡನೇ ಸಂಜೆಗೇ ಅದು ಆ ಮನೆಯ ಕಡೆ ಹೆಜ್ಜೆ ಜೋರು ಮಾಡುವುದು ನಿಮಗೇ ಗೊತ್ತಾಗುತ್ತದೆ.

ಲಾರಿ ವಿಷಯ ಬೇಗ ಮುಗಿಸುತ್ತೇನೆ. ಪ್ರಾಣಿ ಸಾಗಣೆಗೆ 1978ರ ಕೇಂದ್ರ ನಿಯಮಗಳಿವೆ. ಕುದುರೆಗೆ ಪಶುವೈದ್ಯರ ಪ್ರಮಾಣಪತ್ರ ಬೇಕು, ಜೊತೆಗೆ ಒಬ್ಬ ಆಳು ಇರಬೇಕು, ಲಾರಿ ಗಂಟೆಗೆ 35 ಕಿ.ಮೀ. ಮೀರಬಾರದು. ಡ್ರೈವರ್‌ಗೆ ಈ ವೇಗ ಕೇಳಿಯೇ ತಲೆನೋವು ಬರುತ್ತದೆ. ಬಾಡಿಗೆ ಮಾತಾಡುವಾಗಲೇ ಹೇಳಿಬಿಡಿ, ದಾರಿಯಲ್ಲಿ ಜಗಳ ಬೇಡ. ಬೆಳಗಿನ ಜಾವ ಹೊರಟರೆ ಬಿಸಿಲೇರುವ ಮೊದಲು ಹುಮನಾಬಾದ್ ಮುಟ್ಟುತ್ತೀರಿ. ಲಾರಿಯ ತಳಕ್ಕೆ ದಪ್ಪಗೆ ಹುಲ್ಲು ಹಾಸಿ. ಕಬ್ಬಿಣದ ತಗಡಿನ ಮೇಲೆ ಲಾಳದ ಕಾಲು ನಿಲ್ಲುವುದಿಲ್ಲ.

ಈಗ ಕೊಟ್ಟಿಗೆಗೆ ಬರೋಣ. ಹೊರಡುವ ಒಂದು ವಾರ ಮೊದಲು ಒಮ್ಮೆ ಬಸ್ಸಿನಲ್ಲೋ ಕಾರಿನಲ್ಲೋ ಹೋಗಿ ಕಣ್ಣಾರೆ ನೋಡಿ ಬನ್ನಿ. ವಾಟ್ಸ್ಯಾಪ್ ಫೋಟೋ ನಂಬಬೇಡಿ. ಫೋಟೋದಲ್ಲಿ ನೆಲ ಕಾಣುತ್ತದೆ, ಜಾರುವುದು ಕಾಣುವುದಿಲ್ಲ.

ನಮ್ಮ ಕಡೆ ದೊಡ್ಡ ತೊಡಕು ಅದೇ ನೆಲ. ಕಲಬುರಗಿ, ಯಾದಗಿರಿ, ಬೀದರ್, ಎಲ್ಲಿ ಹೋದರೂ ಅಂಗಳಕ್ಕೆ, ಪಡಸಾಲೆಗೆ, ಕೊಟ್ಟಿಗೆಗೆ ಶಹಾಬಾದ್ ಕಲ್ಲು ಹಾಸಿರುತ್ತಾರೆ. ಅಗ್ಗ, ತಂಪು, ಗುಡಿಸಲು ಸುಲಭ. ಎತ್ತಿನ ಸೀಳುಗೊರಸು ಅದರ ಮೇಲೆ ಹೇಗೋ ಹಿಡಿತ ಕಂಡುಕೊಳ್ಳುತ್ತದೆ. ಕಬ್ಬಿಣದ ಲಾಳ ಹೊಡೆದ ಕುದುರೆಗೆ, ಅದರಲ್ಲೂ ಕಲ್ಲಿನ ಮೇಲೆ ಗಂಜಲ ಬಿದ್ದ ಮೇಲೆ, ಅದು ಎಣ್ಣೆ ಸುರಿದ ಹಾಗೆ. ಮಲಗಿದ ಕುದುರೆ ಎದ್ದೇಳುವಾಗ ಮುಂಗಾಲು ಚಾಚಿ ಹಿಂಗಾಲಿನಿಂದ ತಳ್ಳುತ್ತದೆ. ಆ ಕ್ಷಣದಲ್ಲಿ ಹಿಂಗಾಲು ಜಾರಿದರೆ ತೊಡೆಯ ಸ್ನಾಯು ಹರಿಯುತ್ತದೆ. ಒಮ್ಮೆ ಜಾರಿದ ಕುದುರೆ ಮತ್ತೆ ಮಲಗುವ ಧೈರ್ಯ ಮಾಡುವುದಿಲ್ಲ. ನಿದ್ದೆಗೇಡು ಶುರುವಾಗುವುದು ಹೀಗೆ.

ಆದ್ದರಿಂದ ಆ ರೈತರಿಗೆ ಕೇಳುವ ಮೊದಲ ಪ್ರಶ್ನೆ: "ಮಣ್ಣಿನ ನೆಲ ಎಲ್ಲಾದರೂ ಅದ ಏನ್ರಿ?" ಮೊರಂ, ಅಂದರೆ ಗರಸು ಮಣ್ಣು ಹಾಕಿದ ಅಂಗಳ ಇದ್ದರೆ ಅದೇ ಬಂಗಾರ. ಕೊಟ್ಟಿಗೆ ಬಿಟ್ಟು ಅಲ್ಲೇ ಕಟ್ಟಿ, ಮೇಲೊಂದು ತಾಡಪತ್ರಿ ಎಳೆದರೆ ಸಾಕು. ಕಲ್ಲಿನ ನೆಲ ಬಿಟ್ಟು ಬೇರೆ ಇಲ್ಲ ಅಂದರೆ ಅರ್ಧ ಅಡಿ ದಪ್ಪ ಹಾಸು ಹಾಕಬೇಕು. ಹುಮನಾಬಾದ್, ಭಾಲ್ಕಿ ಕಡೆ ಡಿಸೆಂಬರ್‌ನಲ್ಲಿ ಕಬ್ಬು ಕಡಿಯುತ್ತಿರುತ್ತಾರೆ. ಕಬ್ಬಿನ ಒಣ ಎಲೆ, ಅಂದರೆ ರವದಿ, ಹೊಲದಲ್ಲೇ ಬಿದ್ದಿರುತ್ತದೆ, ಎಷ್ಟೋ ಜನ ಸುಟ್ಟೇ ಹಾಕುತ್ತಾರೆ. ಕೇಳಿದರೆ ಟ್ರೇಲರ್ ತುಂಬ ಕೊಡುತ್ತಾರೆ. ನೀವು ಯಾದಗಿರಿ ಕಡೆ ಹೋಗಿದ್ದರೆ ಶಹಾಪುರ, ಸುರಪುರದ ರೈಸ್ ಮಿಲ್ಲಿನ ಭತ್ತದ ಹೊಟ್ಟು ಹೇಳುತ್ತಿದ್ದೆ. ತೊಗರಿ ಹೊಟ್ಟು ಮಾತ್ರ ಹಾಸಬೇಡಿ. ಕುದುರೆ ಹಾಸಿಗೆಯನ್ನೇ ಊಟ ಮಾಡಿಬಿಡುತ್ತದೆ.

ಎರಡನೆಯದು ಎತ್ತರ. ಎತ್ತು ತಲೆ ತಗ್ಗಿಸಿ ನಿಲ್ಲುತ್ತದೆ, ಹಾಗಾಗಿ ಕೊಟ್ಟಿಗೆಯ ತಗಡು ಕೆಲವು ಕಡೆ ಆರು ಅಡಿಗೇ ಇಳಿದಿರುತ್ತದೆ. ಕುದುರೆ ಹೆದರಿದಾಗ ತಲೆಯನ್ನು ಒಮ್ಮೆಲೇ ಮೇಲಕ್ಕೆ ಎತ್ತುತ್ತದೆ. ತಗಡಿನ ಅಂಚು ನೇರ ಕಿವಿಗಳ ನಡುವೆ ಕೂರುತ್ತದೆ. ಒಂಬತ್ತು ಅಡಿ ಇಲ್ಲದ ಕಡೆ ಕುದುರೆ ಬೇಡ. ಜಾಗ ಒಂದೊಂದಕ್ಕೆ 12 ಅಡಿ ಉದ್ದ, 10 ಅಡಿ ಅಗಲ ಸಿಕ್ಕರೆ ನಿಮ್ಮ ಎರಡಕ್ಕೂ ಆರಾಮ. ಎತ್ತುಗಳ ಪಕ್ಕಕ್ಕೆ ಕಟ್ಟಬೇಡಿ. ಕೊಂಬು ಒಂದು ಕಡೆ, ಹಿಂಗಾಲು ಇನ್ನೊಂದು ಕಡೆ, ನಡುವೆ ನಿಮ್ಮ ಆತಿಥೇಯರು.

ಆಮೇಲೆ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಧಾನಕ್ಕೆ ಒಂದು ಸುತ್ತು ಹಾಕಿ. ಕುದುರೆಯ ಮೂತಿ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ನೋಡಿ. ಗೋಡೆಗೆ ಹೊಡೆದ ಮೊಳೆ, ಅದಕ್ಕೆ ಸಿಕ್ಕಿಸಿದ ಕುಡುಗೋಲು, ಸುತ್ತಿಟ್ಟ ಮುಳ್ಳುತಂತಿ, ಮೂಲೆಯಲ್ಲಿ ಯೂರಿಯಾ ಚೀಲ, ಅಟ್ಟದ ಮೇಲೆ ತೊಗರಿಗೆ ಹೊಡೆದು ಉಳಿದ ಔಷಧಿ ಬಾಟಲಿ, ಬಣ್ಣ ಹಚ್ಚಿದ ಬಿತ್ತನೆ ಬೀಜ, ಇಲಿ ಪಾಷಾಣ.  ಕುದುರೆ ಪ್ರತಿಯೊಂದನ್ನೂ ತುಟಿಯಿಂದ ತಡವಿ ನೋಡುತ್ತದೆ. ಚಿಲಕ ತೆಗೆಯುವುದೂ ಕೆಲವಕ್ಕೆ ಗೊತ್ತು.

ಡಿಸೆಂಬರ್‌ನಲ್ಲಿ ಇದಕ್ಕಿಂತ ದೊಡ್ಡ ಅಪಾಯ ರಾಶಿ. ತೊಗರಿ ಆಗ ತಾನೇ ಬರುತ್ತಿರುತ್ತದೆ, ಸೋಯಾ ಚೀಲದಲ್ಲಿರುತ್ತದೆ, ಮನೆಯಲ್ಲಿ ಜೋಳ ಇದ್ದೇ ಇರುತ್ತದೆ. ರಾತ್ರಿ ಹಗ್ಗ ಬಿಚ್ಚಿಕೊಂಡ ಕುದುರೆ ಹೋಗುವುದು ಅಲ್ಲಿಗೇ. ಬೆಳಿಗ್ಗೆ ಮನೆಯವರು "ಹೋಗಲಿ ಬಿಡ್ರಿ, ಹೊಟ್ಟಿ ತುಂಬ ತಿಂದದ, ಪಾಪ" ಅನ್ನುತ್ತಾರೆ. ಅದು ಪಾಪ ಅನ್ನುವ ವಿಷಯವಲ್ಲ, ತುರ್ತು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಮ್ಮೆಲೇ ಹೊಟ್ಟೆಗಿಳಿದ ಕಾಳು ಹುಳಿತು ಹೊಟ್ಟೆನೋವು ತರುತ್ತದೆ. ಒಂದೆರಡು ದಿನದಲ್ಲಿ ಗೊರಸಿನ ಒಳಗೆ ಬಾವು ಬಂದು ಹೆಜ್ಜೆ ಇಡಲಾಗದೆ ನಿಲ್ಲುತ್ತದೆ. ಮೇಲ್ನೋಟಕ್ಕೆ ಆರಾಮಾಗಿ ಕಂಡರೂ ಕಾಯಬೇಡಿ, ಕಾಳು ತಿಂದದ್ದು ಗೊತ್ತಾದ ತಕ್ಷಣ ಡಾಕ್ಟರ್‌ಗೆ ಫೋನ್ ಮಾಡಿ. ರಾಶಿಗೂ ಕುದುರೆಗೂ ನಡುವೆ ಬೀಗ ಹಾಕುವ ಬಾಗಿಲು ಇರಬೇಕು. ಇಲ್ಲದಿದ್ದರೆ ಆ ಮನೆ ಎಷ್ಟೇ ಚೆನ್ನಾಗಿರಲಿ, ಬೇಡ ಅನ್ನಿ.

ಕಟ್ಟುವ ವಿಧಾನವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಜಾಸ್ತಿ ಗಾಯ ಆಗುವುದು ಇಲ್ಲೇ. ಎತ್ತನ್ನು ನೆಲದ ಗೂಟಕ್ಕೆ ಉದ್ದ ಹಗ್ಗದಲ್ಲಿ ಕಟ್ಟುತ್ತಾರೆ. ಕುದುರೆಯನ್ನು ಹಾಗೆ ಕಟ್ಟಿದರೆ ರಾತ್ರಿ ಮುಂಗಾಲು ಹಗ್ಗ ದಾಟುತ್ತದೆ. ಎಳೆಯುತ್ತದೆ, ಹಗ್ಗ ಗೊರಸಿನ ಮೇಲಿನ ಮೆತ್ತನೆ ಭಾಗವನ್ನು ಕೊಯ್ಯುತ್ತದೆ. ಕುದುರೆಯ ಹೆಗಲಿನ ಎತ್ತರಕ್ಕೆ ಗಟ್ಟಿ ಕಂಬವೋ ಗೋಡೆಯ ಬಳೆಯೋ ಹುಡುಕಿ. ಆ ಬಳೆಗೆ ನೇರವಾಗಿ ಕಟ್ಟದೆ, ಮೊದಲು ಗೋಣಿಚೀಲ ಹೊಲಿಯುವ ಸುತಳಿಯ ಒಂದು ಸಣ್ಣ ಕುಣಿಕೆ ಹಾಕಿ. ಹಗ್ಗವನ್ನು ಆ ಸುತಳಿಗೆ ಕಟ್ಟಿ, ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟು ಇರಲಿ. ಕುದುರೆ ಗಾಬರಿಯಾಗಿ ಜಗ್ಗಿದರೆ ಸುತಳಿ ಹರಿಯುತ್ತದೆ, ಕುತ್ತಿಗೆ ಉಳಿಯುತ್ತದೆ. ಹೀಗೆ ಬಿಡಿಸಿಕೊಂಡರೂ ಊರ ದಾರಿ ಹಿಡಿಯದ ಹಾಗೆ ಅಂಗಳದ ಗೇಟು ಹಾಕಿರಬೇಕು. ಹಗ್ಗ ಒಂದು ತೋಳಿನಷ್ಟು ಉದ್ದ ಸಾಕು. ಮೇವನ್ನು ಬಾಯಿಗೆ ಸಿಗುವ ಹಾಗೆ ಗೋದಲಿಯಲ್ಲಿ ಹಾಕಿ. ಆದರೆ ಇಷ್ಟು ಗಿಡ್ಡ ಹಗ್ಗದಲ್ಲಿ ಕುದುರೆ ಮಲಗಲಾರದು. ಅದಕ್ಕೇ ನಾನು ಹೇಳುವುದು, ಕಟ್ಟುವುದು ಹಗಲಿಗೆ. ರಾತ್ರಿಗೆ ನಾಲ್ಕು ಬಿದಿರು ಅಡ್ಡ ಕಟ್ಟಿ ಮಾಡಿದ ಆವರಣದಲ್ಲಿ ಸುಮ್ನೆ ಬಿಟ್ಟುಬಿಡಿ. ನಿಮ್ಮ ಎರಡೂ ಕುದುರೆ ಜೊತೆಯಲ್ಲೇ ಬೆಳೆದಿದ್ದರೆ ಅಕ್ಕಪಕ್ಕ ಬಿಡಬಹುದು. ಒಂದನ್ನೊಂದು ನೋಡುತ್ತಿದ್ದರೆ ಅರ್ಧ ಗಾಬರಿ ಕಡಿಮೆ.

ಹಳೆಯ ಸವಾರರು ಅಗಾಡಿ ಪಿಛಾಡಿ ಅಂತ ಮುಂದೊಂದು ಹಿಂದೊಂದು ಹಗ್ಗ ಹಾಕಿ ಬಯಲಲ್ಲೇ ಕಟ್ಟುತ್ತಿದ್ದರು. ಅಭ್ಯಾಸ ಇರುವ ಕುದುರೆಗೆ ಅದು ಸರಿ. ರಜೆಯ ಮೊದಲ ರಾತ್ರಿ ಅದನ್ನು ಕಲಿಸಲು ಹೋಗಬೇಡಿ.

ಮೇವು. ಮನೆಯದನ್ನೇ ತನ್ನಿ. ಇದೊಂದು ಮಾತು ಕೇಳಿದರೂ ಸಾಕು. ಸುಮಾರು 400 ಕಿಲೋ ತೂಗುವ ಕುದುರೆಗೆ ದಿನಕ್ಕೆ 8 ಕಿಲೋ ಒಣ ಹುಲ್ಲು ಬೇಕು. ಎರಡು ಕುದುರೆ, ಐದು ದಿನ, 80 ಕಿಲೋ. ಲಾರಿಯಲ್ಲಿ ಅದೇನು ಭಾರವಲ್ಲ. ಹುರುಳಿ, ಗೋಧಿ ಬೂಸಾ, ಏನು ಹಾಕುತ್ತೀರೋ ಅದನ್ನೂ ತೂಕ ಮಾಡಿ ಒಂದೊಂದು ಹೊತ್ತಿಗೆ ಒಂದೊಂದು ಚೀಲ ಕಟ್ಟಿಕೊಳ್ಳಿ. ಕುದುರೆಯ ಕರುಳಿಗೆ ಹೊಸ ಮೇವು ರೂಢಿಯಾಗಲು ವಾರ ಹತ್ತು ದಿನ ಬೇಕು. ನೀವು ಅಲ್ಲಿರುವುದೇ ಐದು ದಿನ.

ಆದರೂ ಆತಿಥೇಯರು ಪ್ರೀತಿಯಿಂದ ತಂದು ಹಾಕುತ್ತಾರೆ. ನಮ್ಮ ಕಡೆಯ ಜನ ಹಾಗೇ, ಮನೆಗೆ ಬಂದ ಜೀವ ಹಸಿದಿರಬಾರದು. ಏನು ತಂದರೆ ಏನು ಹೇಳಬೇಕು ಅಂತ ಗೊತ್ತಿರಲಿ. ಜೋಳದ ಕಣಿಕೆ: ಚೆನ್ನಾಗಿ ಒಣಗಿದ್ದು, ಎಲೆ ಜಾಸ್ತಿ ಇರುವುದು, ಸ್ವಲ್ಪ ಸರಿ. ದಪ್ಪ ದಂಟು ಬೇಡ, ಕರುಳಿನಲ್ಲಿ ಗಂಟು ಕಟ್ಟುತ್ತದೆ. ಬೂಷ್ಟು ಹಿಡಿದಿದ್ದರೆ ಎಲೆಯೂ ಬೇಡ. ಹಸಿ ಜೋಳ ಅಂತೂ ಬೇಡವೇ ಬೇಡ. ಎಳೆಯ ಜೋಳದ ಬೆಳೆಯಲ್ಲಿ ಸಯನೈಡ್ ವಿಷ ಇರುತ್ತದೆ, ರೈತರಿಗೆ ದನಗಳಿಂದ ಇದು ಗೊತ್ತೇ ಇರುತ್ತದೆ. ತೊಗರಿ ಹೊಟ್ಟು ಎತ್ತುಗಳಿಗೆ ಅಮೃತ, ರೂಢಿ ಇಲ್ಲದ ಕುದುರೆಗೆ ಬುಟ್ಟಿಗಟ್ಟಲೆ ಹಾಕಿದರೆ ಹೊಟ್ಟೆ ಉಬ್ಬರ. ಚೀಲದ ಪಶು ಆಹಾರದಲ್ಲಿ ಹಾಲಿನ ದನಕ್ಕೆ ಬೇಕಾದ ಏನೇನೋ ಸೇರಿಸಿರುತ್ತಾರೆ, ಬೇಡ ಅನ್ನಿ. ಕೋಳಿ ಆಹಾರದ ಹತ್ತಿರ ಕುದುರೆಯನ್ನು ಸುಳಿಯಗೊಡಬೇಡಿ. ಕೋಳಿಯ ರಕ್ತಭೇದಿ ತಡೆಯಲು ಸೇರಿಸುವ ಮೊನೆನ್ಸಿನ್, ಸಲಿನೊಮೈಸಿನ್ ಥರದ ಔಷಧಿ ಕೋಳಿಗೆ ಏನೂ ಮಾಡುವುದಿಲ್ಲ, ಕುದುರೆಯ ಹೃದಯವನ್ನು ನಿಲ್ಲಿಸುತ್ತದೆ. ಬೀದರ್ ಸುತ್ತ ಹೊಲದ ಮನೆ ಪಕ್ಕದಲ್ಲೇ ಕೋಳಿ ಫಾರಂ ಇರುವುದುಂಟು. ನೋಡಿಕೊಳ್ಳಿ.

ನೀರು ಒಂದೊಂದು ಕುದುರೆಗೆ ದಿನಕ್ಕೆ 30 ರಿಂದ 40 ಲೀಟರ್. ಬೋರ್‌ವೆಲ್ ನೀರು ಉಪ್ಪಾಗಿದ್ದರೆ ಕುದುರೆ ಮೂಸಿ ಬಿಟ್ಟುಬಿಡುತ್ತದೆ. ನೀರು ಕುಡಿಯದ ಕುದುರೆಗೆ ಮರುದಿನ ಹೊಟ್ಟೆನೋವು ಗ್ಯಾರಂಟಿ ಅಂತಲೇ ತಿಳಿಯಿರಿ. ಒಂದು ಉಪಾಯ ಇದೆ. ಹೊರಡುವ ನಾಲ್ಕೈದು ದಿನ ಮೊದಲಿಂದಲೇ ಮನೆಯ ನೀರಿಗೆ ಒಂದು ಸಣ್ಣ ಬೆಲ್ಲದ ತುಂಡು ಕದಡಿ ಕುಡಿಸಿ. ಅಲ್ಲಿಯೂ ಅದೇ ಬೆಲ್ಲ ಹಾಕಿದರೆ ನೀರಿನ ರುಚಿ ಬದಲಾದದ್ದು ಅದಕ್ಕೆ ಅಷ್ಟು ತಿಳಿಯುವುದಿಲ್ಲ. ಬಕೆಟ್ ಕೂಡ ನಿಮ್ಮದೇ ಇರಲಿ. ಊರ ಬಾನಿಯಲ್ಲಿ ಕುಡಿಸಬೇಡಿ, ಅಲ್ಲಿ ಯಾವ ಕುದುರೆ, ಯಾವ ಕತ್ತೆ ಮೂತಿ ಇಟ್ಟಿತ್ತೋ ಯಾರಿಗೆ ಗೊತ್ತು?

ಇದು ಸುಮ್ನೆ ಮಡಿ ಅಲ್ಲ. ಗ್ಲಾಂಡರ್ಸ್ ಅನ್ನುವ ರೋಗ ಕುದುರೆ, ಕತ್ತೆ, ಹೇಸರಗತ್ತೆಗಳಲ್ಲಿ ಇದೆ, ಮನುಷ್ಯರಿಗೂ ಅಂಟುತ್ತದೆ. ಮೂಗಿನಿಂದ ಕೀವಿನಂಥ ಸಿಂಬಳ, ಚರ್ಮದ ಮೇಲೆ ಗಂಟು, ಹುಣ್ಣು. 2009ರ ಸಾಂಕ್ರಾಮಿಕ ಪ್ರಾಣಿ ರೋಗಗಳ ಕಾಯ್ದೆ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ ಇದು. ಚಿಕಿತ್ಸೆ ಕೊಡುವುದಿಲ್ಲ, ದೃಢಪಟ್ಟರೆ ಪ್ರಾಣಿಯನ್ನು ಕೊಲ್ಲುತ್ತಾರೆ. ಹೊರಡುವ ಮೊದಲೇ ನಿಮ್ಮ ಊರಿನ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಇದಕ್ಕೆ ದೇಶದ ಮುಖ್ಯ ಪ್ರಯೋಗಾಲಯ. ಕೊನೆಯ ವಾರದಲ್ಲಿ ಓಡಾಡಿದರೆ ಆಗದು, ತಿಂಗಳ ಮೊದಲೇ ಶುರು ಮಾಡಿ. ಆ ವರದಿ, ಆರೋಗ್ಯ ಪ್ರಮಾಣಪತ್ರ, ಧನುರ್ವಾಯು ಮತ್ತು ರೇಬೀಸ್ ಲಸಿಕೆಯ ಚೀಟಿ, ಇಷ್ಟನ್ನು ಒಂದು ಕವರಿನಲ್ಲಿ ಹಾಕಿ ಆತಿಥೇಯರಿಗೆ ನೀವಾಗಿಯೇ ತೋರಿಸಿ. ಅವರಿಗೆ ಧೈರ್ಯ ಬರುತ್ತದೆ. ಅಕ್ಕಪಕ್ಕದವರು "ಕುದುರಿ ರೋಗ ತರ್ತಾವ" ಅಂತ ಗೊಣಗಿದರೆ ಅವರೇ ಉತ್ತರ ಕೊಡುತ್ತಾರೆ. ಎತ್ತುಗಳ ಕಾಲುಬಾಯಿ ರೋಗ ಕುದುರೆಗೆ ಬರುವುದಿಲ್ಲ. ಆದರೆ ನಿಮ್ಮ ಚಪ್ಪಲಿಗೆ ಅಂಟಿ ಊರೂರು ಹೋಗಬಲ್ಲದು. ಒಂದು ಊರಿನ ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಬೂಟು ತೊಳೆಯಿರಿ.

ಧನುರ್ವಾಯು ಲಸಿಕೆ ಬಗ್ಗೆ ಇನ್ನೊಮ್ಮೆ ಹೇಳುತ್ತೇನೆ. ಸಾಕುಪ್ರಾಣಿಗಳಲ್ಲಿ ಇದಕ್ಕೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವುದು ಇನ್ನೊಂದಿಲ್ಲ. ಕೊಟ್ಟಿಗೆಯ ಮೊಳೆ ಚುಚ್ಚಿದರೆ ಸಾಕು.

ಲಾಳ ಹೊರಡುವ ವಾರ ಮೊದಲೇ ಹೊಡೆಸಿ. ಹಳ್ಳಿಯಲ್ಲಿ ಲಾಳ ಹೊಡೆಯುವ ನಾಲಬಂದ ಸಿಗುತ್ತಾನೆ ಅಂತ ನಂಬಿಕೊಂಡು ಬರಬೇಡಿ. ಹಳ್ಳಿಗಳಲ್ಲಿ ಈಗ ಉಳಿದವರು ಹೆಚ್ಚಾಗಿ ಎತ್ತಿಗೆ ಹೊಡೆಯುವವರು. ಎತ್ತಿನ ಲಾಳ ಎರಡು ತುಂಡು, ಕುದುರೆಯದು ಒಂದೇ. ಕೈ ಒಳ್ಳೆಯದಿದ್ದರೂ ಮೊಳೆ ಎಲ್ಲಿ ಹೋಗಬೇಕು ಅನ್ನುವುದು ಬೇರೆ. ಕಳಚಿದರೆ ಮದುವೆಗೆ ಕುದುರೆ ಕೊಡುವವರನ್ನು ವಿಚಾರಿಸಿ, ಅವರಿಗೆ ಗೊತ್ತಿರುತ್ತದೆ ಯಾರು ಸರಿಯಾಗಿ ಹೊಡೆಯುತ್ತಾರೆ ಅಂತ.

ಎಲ್ಲಿ ಸುತ್ತಾಡಬಹುದು? ಹೆದ್ದಾರಿ ಬಿಟ್ಟು ಬಂಡಿದಾರಿ ಹಿಡಿಯಿರಿ. ಡಿಸೆಂಬರ್‌ಗೆ ಎರೆ ಮಣ್ಣು ಒಣಗಿ ಗಟ್ಟಿಯಾಗಿರುತ್ತದೆ, ಸವಾರಿಗೆ ಒಳ್ಳೆಯ ಕಾಲ. ಹೊಲದೊಳಗೆ ಇಳಿಯಬೇಡಿ, ಬೆಳೆ ತುಳಿದರೆ ಮಾತು ಬೆಳೆಯುತ್ತದೆ. ಎರೆ ಬಿರುಕಿನಲ್ಲಿ ಕಾಲು ಸಿಕ್ಕುವುದೂ ಇದೆ. ಬಿಳಿಜೋಳದ ಅಂಚಿಗೆ ದನ ಬರದಿರಲಿ ಅಂತ ಕುಸುಬೆ ಸಾಲು ಹಾಕಿರುತ್ತಾರೆ, ಅದರ ಮುಳ್ಳು ಕಾಲಿಗೆ ತಾಗಿದರೆ ಕುದುರೆ ಪಕ್ಕಕ್ಕೆ ಹಾರುತ್ತದೆ. ಕಾರಂಜಾ ಜಲಾಶಯದ ಹಿನ್ನೀರು ನೋಡಲು ಚೆಂದ, ಬಯಲು ಚೆಂದ, ಆದರೆ ನೀರಿನಂಚಿಗೆ ಹೋಗಬೇಡಿ. ಮೇಲೆ ಒಣಗಿದಂತೆ ಕಾಣುವ ಕೆಸರು ಕುದುರೆಯ ಭಾರಕ್ಕೆ ಒಳಗೆ ಎಳೆದುಕೊಳ್ಳುತ್ತದೆ. ಚಿಂಚೋಳಿ ವನ್ಯಧಾಮಕ್ಕೆ ಕುದುರೆ ಬೇಡ. ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಹೋಗುವಂತಿಲ್ಲ, ತೋಳ, ಕತ್ತೆಕಿರುಬ ಇರುವ ಕಾಡು. ಅಲ್ಲಿಗೆ ಒಂದು ದಿನ ಕುದುರೆಗಳನ್ನು ಆಳಿನ ಹತ್ತಿರ ಬಿಟ್ಟು ಕಾರಿನಲ್ಲಿ ಹೋಗಿ ಬನ್ನಿ. ಕುದುರೆಗೂ ಒಂದು ದಿನ ರಜೆ ಬೇಕಲ್ವಾ?

ಬೀದರ್ ಊರೊಳಗೆ ಎರಡು ವಿಷಯ. ಕೋಟೆಯೊಳಗೆ ಕುದುರೆ ಮೇಲೆ ಹೋಗಿ ಫೋಟೋ ತೆಗೆಸಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ಪುರಾತತ್ವ ಇಲಾಖೆಯ 1959ರ ನಿಯಮ ಸಂರಕ್ಷಿತ ಸ್ಮಾರಕದೊಳಗೆ ಪ್ರಾಣಿ ತರುವುದನ್ನು ತಡೆಯುತ್ತದೆ. ಬಹಮನಿ ಸುಲ್ತಾನರ ಸಮಾಧಿಗಳಾದ ಅಷ್ಟೂರಿನ ಗುಂಬಜ್‌ಗಳಿಗೂ ಅದೇ ನಿಯಮ. ಅಷ್ಟೂರಿನ ಕಡೆಗೆ ಹೊರಗಿನ ದಾರಿಯಲ್ಲಿ ಸವಾರಿ ಹೋಗಿ, ದೂರದಿಂದ ನೋಡಿ, ಒಳಗೆ ನಡೆದು ಹೋಗಿ. ಎರಡನೆಯದು ವಾಯುಪಡೆ. ಬೀದರ್‌ನಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಡುವ ನೆಲೆ ಇದೆ, ಹಾಕ್ ಜೆಟ್‌ಗಳು ತಲೆ ಮೇಲೆಯೇ ಹೋಗುತ್ತವೆ. ನಮ್ಮೂರ ಟಾಂಗಾ ಕುದುರೆಗಳು ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ನಿಮ್ಮವು ಮೊದಲ ಸಲ ಕೇಳಿದರೆ ಬೆನ್ನ ಮೇಲಿರುವವರು ನೆಲಕ್ಕೆ. ಹಾಗಾಗಿ ಉಳಿಯುವ ಮನೆ ಊರಿಂದ ದೂರ ಇರುವುದೇ ಮೇಲು. ಹುಮನಾಬಾದ್ ಕಡೆಯ ನಿಮ್ಮ ರೈತರ ಮನೆ ಈ ಲೆಕ್ಕದಲ್ಲೂ ಒಳ್ಳೆಯದು.

ಲಾಡ್ಜಿನವರು ನಕ್ಕರು ಅಂದಿರಲ್ಲ, ಅದಕ್ಕೊಂದು ಮಾತು. 1470ರ ಆಸುಪಾಸಿನಲ್ಲಿ ಅಫನಾಸಿ ನಿಕಿತಿನ್ ಅನ್ನುವ ರಷ್ಯಾದ ವ್ಯಾಪಾರಿ ಒಂದು ಗಂಡು ಕುದುರೆ ಹಿಡಿದುಕೊಂಡು ಸಮುದ್ರ ದಾಟಿ ಇದೇ ಬೀದರ್‌ಗೆ ಬಂದ. ದಾರಿಯಲ್ಲಿ, ಈಗಿನ ಮಹಾರಾಷ್ಟ್ರದ ಜುನ್ನಾರಿನ ಅಧಿಕಾರಿ ಆ ಕುದುರೆಯನ್ನು ಕಿತ್ತುಕೊಂಡು, ಆಮೇಲೆ ಹೇಗೋ ಹಿಂದಕ್ಕೆ ಕೊಟ್ಟ. ಆಳಂದದ ಜಾತ್ರೆಯಲ್ಲಿ 20,000 ಕುದುರೆ ಮಾರಾಟಕ್ಕೆ ಬರುತ್ತವೆ ಅಂತ ಅವನು ಬರೆದಿಟ್ಟಿದ್ದಾನೆ. ಪರದೇಶದ ವ್ಯಾಪಾರಿಗಳು ಇಳಿದುಕೊಳ್ಳುವ ಮನೆಗಳಲ್ಲಿ ಮನೆಯೊಡತಿಯೇ ಅಡುಗೆ ಮಾಡಿ ಹಾಕುತ್ತಾಳೆ ಅಂತಲೂ ಬರೆದಿದ್ದಾನೆ. ಕುದುರೆಗೆ ಬಟಾಣಿ ಹಾಕುತ್ತಾರೆ, ಸಕ್ಕರೆ ಎಣ್ಣೆ ಸೇರಿಸಿ ಕಿಚಡಿ ಬೇಯಿಸಿ ಹಾಕುತ್ತಾರೆ ಅಂತ ಕೂಡ. ಕಿಚಡಿ ನೀವು ಹಾಕಬೇಡಿ. ಆದರೆ ಕುದುರೆ ಜೊತೆ ಬಂದ ಅತಿಥಿ ಈ ಸೀಮೆಗೆ ಹೊಸಬನಲ್ಲ ಅಂತ ಆ ಲಾಡ್ಜಿನವರಿಗೆ ಹೇಳಬಹುದು.

ತುರ್ತಿಗೆ ಏನು ಮಾಡಬೇಕು? ಬೀದರ್‌ನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ, ಅಲ್ಲಿನ ಕಾಲೇಜಿನ ಆಸ್ಪತ್ರೆ ನಿಮ್ಮ ದೊಡ್ಡ ಆಸರೆ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಗೆ ಫೋನ್ ಮಾಡಬಹುದು. ತಾಲ್ಲೂಕು ಆಸ್ಪತ್ರೆಯ ಡಾಕ್ಟರ್ ದಿನವಿಡೀ ನೋಡುವುದು ದನ, ಕುರಿ. ಅವರಿಗೆ ಮೊದಲ ದಿನವೇ ಫೋನ್ ಮಾಡಿ, ಇಂಥ ಕಡೆ ಎರಡು ಕುದುರೆ ಜೊತೆ ಇದ್ದೇವೆ ಅಂತ ತಿಳಿಸಿಟ್ಟಿರಿ. ಕುದುರೆಯ ಮೈ ಬಿಸಿ ಸಾಮಾನ್ಯವಾಗಿ 37.5 ರಿಂದ 38.5 ಡಿಗ್ರಿ ಸೆಲ್ಸಿಯಸ್, ನಾಡಿ ಆರಾಮಾಗಿ ನಿಂತಾಗ ನಿಮಿಷಕ್ಕೆ 28 ರಿಂದ 44. ದವಡೆಯ ಕೆಳಗೆ ಬೆರಳಿಟ್ಟು ನೋಡುವುದನ್ನು ಮಗಳಿಗೆ ಕಲಿಸಿ, ಮಕ್ಕಳು ಇದನ್ನು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಮುಂಗಾಲಿನಿಂದ ನೆಲ ಕೆರೆಯುವುದು, ಪಕ್ಕೆ ತಿರುಗಿ ನೋಡುವುದು, ಮತ್ತೆ ಮತ್ತೆ ಹೊರಳುವುದು, ರಾತ್ರಿಯಿಡೀ ಲದ್ದಿ ಹಾಕದಿರುವುದು, ಇವು ಕಂಡರೆ ಮೇವು ತೆಗೆದುಬಿಡಿ, ಫೋನ್ ಮಾಡಿ. ಊರವರು ಬಿಸಿ ಎಣ್ಣೆ, ಇಂಗು ಗೊಟ್ಟದಲ್ಲಿ ಕುಡಿಸೋಣ ಅನ್ನುತ್ತಾರೆ. ಬೇಡ. ಶ್ವಾಸಕ್ಕೆ ಹೋದರೆ ಹೊಟ್ಟೆನೋವಿಗಿಂತ ಕೆಟ್ಟದ್ದು.

ಇನ್ನೂ ಒಂದು. ಸೊಳ್ಳೆಗೆ ಅಂತ ಕೊಟ್ಟಿಗೆಯಲ್ಲಿ ಬೇವಿನ ಹೊಗೆ ಹಾಕುವ ರೂಢಿ ಇದೆ. ಮುಚ್ಚಿದ ಜಾಗದಲ್ಲಿ ಆ ಹೊಗೆ ಕುದುರೆಯ ಶ್ವಾಸಕೋಶಕ್ಕೆ ಆಗಿಬರುವುದಿಲ್ಲ. ಹೊರಗೆ ಹಾಕಿ ಅಂತ ಕೇಳಿಕೊಳ್ಳಿ. ಬೀದರ್ ಚಳಿಗೆ ನಿಮಗೆ ಕೌದಿ ಬೇಕು, ಕುದುರೆಗೆ ಬೇಡ. ಬೆವರು ಒಣಗುವವರೆಗೆ ನಡೆಸಿ, ಗಾಳಿ ಬೀಸುವ ಕಡೆ ನಿಲ್ಲಿಸಬೇಡಿ, ಅಷ್ಟೇ.

ನಿಮ್ಮ ರಜೆ ಎಳ್ಳಮಾವಾಸ್ಯೆಗೆ ಬೀಳುತ್ತದೆಯೇ ಅಂತ ಪಂಚಾಂಗ ನೋಡಿ. ಬಿದ್ದರೆ ಆ ದಿನ ಸವಾರಿ ಇಟ್ಟುಕೊಳ್ಳಬೇಡಿ. ಊರಿಗೆ ಊರೇ ಬಂಡಿ, ಟ್ರ್ಯಾಕ್ಟರ್ ಏರಿ ಹೊಲಕ್ಕೆ ಹೋಗುತ್ತದೆ, ಎಲ್ಲ ಬಂಡಿದಾರಿಯೂ ಜಾತ್ರೆ. ಆತಿಥೇಯರ ಜೊತೆ ಹೊಲಕ್ಕೆ ಚರಗ, ಅಂದರೆ ನೈವೇದ್ಯ, ಚೆಲ್ಲಲು ಹೋಗಿ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಬಿಟ್ಟು ಕುದುರೆ ಸವಾರಿ ಯಾಕೆ?

ದುಡ್ಡಿನ ಮಾತು ಕೊನೆಗೆ ಕೇಳಿದ್ದೀರಿ, ನೀವು ಮಾತ್ರ ಅದನ್ನು ಮೊದಲೇ ಮುಗಿಸಿಕೊಳ್ಳಿ. ಆ ರೈತರು "ಏನ್ ರೊಕ್ಕ ಕೊಡ್ತೀರಿ, ಮನಿಗಿ ಬಂದೀರಿ" ಅನ್ನುತ್ತಾರೆ. ಅದನ್ನು ಒಪ್ಪಬೇಡಿ. ಮೂರು ಬಾಬ್ತು ಬೇರೆ ಬೇರೆ ಮಾಡಿ. ನಿಮ್ಮ ಮೂವರ ಊಟ ವಸತಿಗೆ ಆ ಕಡೆಯ ಸಾಧಾರಣ ಹೋಂಸ್ಟೇ ದರ ವಿಚಾರಿಸಿ, ಅದಕ್ಕೆ ಕಡಿಮೆ ಕೊಡಬೇಡಿ. ಕುದುರೆಯ ಜಾಗಕ್ಕೆ ರಾತ್ರಿಗಿಷ್ಟು ಅಂತ ಬೇರೆ. ರವದಿ ತರಿಸಿ ಹಾಸಿದ, ಲದ್ದಿ ಬಾಚಿದ ಆಳಿಗೆ ಆ ಊರಿನ ದಿನಗೂಲಿ ಪೂರ್ತಿ, ನೇರ ಅವನ ಕೈಗೆ. ಬಿದಿರು ಮುರಿದರೆ, ಗೋದಲಿ ಕಡಿದರೆ ಅದರ ಖರ್ಚು ನಿಮ್ಮದು ಅಂತ ಮೊದಲೇ ಹೇಳಿ. ಲದ್ದಿ ಅವರ ತಿಪ್ಪೆಗೆ ಹೋಗಲಿ, ಬೇಡ ಅನ್ನುವ ರೈತ ಸಿಗುವುದಿಲ್ಲ. ಮುಂಗಡ ಅರ್ಧ ಕೊಟ್ಟುಬಿಡಿ. ನೋಡಲು ಹೋದ ದಿನವೇ ಕೊಟ್ಟರೆ ನೀವು ಬರುವ ಹೊತ್ತಿಗೆ ಮೊಳೆ ಕಿತ್ತು, ಔಷಧಿ ಬಾಟಲಿ ಎತ್ತಿಟ್ಟು, ಬಿದಿರು ತರಿಸಿ ಇಟ್ಟಿರುತ್ತಾರೆ.